ಒಡಪಿನಲ್ಲಿ ಬಂದ ಹೆಸರು

ಮಗನಿಗೆ ಗಂಡುಕೂಸು ಹುಟ್ಟಿತೆಂದು ಹಿರೇಕೆರೂರಿನಿಂದ ಫೋನು ಬಂದಾಗ ನಾನು ಜೋಳ ಹಸನು ಮಾಡುತ್ತಿದ್ದೆ. ಕೇಳಿದೆ, ಹೂಂ ಅಂದೆ, ಮತ್ತೆ ಮೊರ ಕೈಗೆ ತಗೊಂಡೆ. ಓಣಿಗೆಲ್ಲ ಸಕ್ಕರೆ ಹಂಚಿ ಬಂದವಳು ನನ್ನ ಮೊಮ್ಮಗಳು. ಮಗಳ ಮಗಳು ಅವಳು, ಸವಣೂರಿನ ಕಾಲೇಜಿಗೆ ಯಲವಿಗಿಯ ನಮ್ಮ ಮನೆಯಿಂದಲೇ ಓಡಾಡುತ್ತಾಳೆ. ಆಯಿಗೆ, ಅಂದರೆ ನನಗೆ, ಖುಷಿಯಾಗಲಿಲ್ಲವೇನು ಎಂದು ಜನ ಅವಳನ್ನು ಕೇಳಿದರಂತೆ.

ಆಗಿತ್ತು. ಎಷ್ಟು ಆಗಿತ್ತೆಂದರೆ ಎದೆಯ ತನಕ ಬಂದು ನಿಂತುಬಿಟ್ಟಿತ್ತು, ಮುಂದೆ ಹೋಗಲು ದಾರಿ ಗೊತ್ತಿರಲಿಲ್ಲ ಅದಕ್ಕೆ. ನಮ್ಮ ಮನೆಯವರು, ಅಂದರೆ ಆ ಕೂಸಿನ ಅಜ್ಜ, ಹೋಗಿ ಎಂಟು ತಿಂಗಳಾಗಿತ್ತು. ಅಂದಿನಿಂದ ನನ್ನ ಮೈ ಒಂದೇ ಮಗ್ಗುಲಿಗೆ ಮಲಗಿ ಎದ್ದಾಗಿನ ಕೈಯಂತೆ ಆಗಿತ್ತು. ಕಾಣುತ್ತದೆ, ಮುಟ್ಟಿದರೆ ನನ್ನದಲ್ಲ. ಹಂಚಿನ ಮೇಲಿನ ರೊಟ್ಟಿ ಬರಿಗೈಯಿಂದ ತಿರುವಿದರೂ ಬಿಸಿ ಹತ್ತುತ್ತಿರಲಿಲ್ಲ. ಅತ್ತಿದ್ದೂ ಇಲ್ಲ. ಅವರನ್ನು ಮಣ್ಣು ಮಾಡಿದ ದಿನವೂ ಅಳಲಿಲ್ಲ.

ತೊಟ್ಟಿಲಿಗೆ ಹಾಕುವ ಕಾರ್ಯ ಸೊಸೆಯ ತವರಾದ ಹಿರೇಕೆರೂರಿನಲ್ಲೇ ಎಂದಾಯಿತು. ಆಮಂತ್ರಣ ಪತ್ರಿಕೆ ಮಾಡಿಸುವುದು ಮಾತ್ರ ನಮ್ಮ ಪಾಲಿಗೆ ಬಂತು. ಪತ್ರಿಕೆ ಅಂದ ಮೇಲೆ ಹೆಸರು ಬೇಕಲ್ಲ. ಹಿರಿಯರು ತೀರಿಕೊಂಡ ಮೇಲೆ ಹುಟ್ಟಿದ ಮೊದಲ ಗಂಡು ಮೊಮ್ಮಗನಿಗೆ ಅವರ ಹೆಸರೇ ಇಡುವುದು ನಮ್ಮ ಮನೆತನದ ವಾಡಿಕೆ. ಆದರೆ ಸೊಸೆ ಮೊದಲೇ ಎರಡಕ್ಷರದ ಒಂದು ಹೊಸ ಹೆಸರು ಆರಿಸಿ ಇಟ್ಟುಕೊಂಡಿದ್ದಳು. ಕೆಟ್ಟವಳಲ್ಲ ಅವಳು, ಅತ್ತೆಯವರು ಹಿರಿಯರು, ಅವರು ಹೇಳಿದರೆ ಮುಗಿಯಿತು ಎಂದಳಂತೆ. ನಡುವೆ ಸಿಕ್ಕ ಮಗ ಒಂದು ದಿನ ಬೆಳಿಗ್ಗೆ ಫೋನು ಮಾಡಿದ.

"ಹೆಸರು ನೀನ ಹೇಳಬೇಕವ್ವಾ. ನಿನ್ನ ಬಾಯಿಲೇ ಬರಬೇಕು. ನೀ ಹೇಳಲಿಲ್ಲಂದ್ರ ಇಕಿ ಆರಿಸಿದ್ದ ಇಡ್ತೇವಿ."

ಪತ್ರಿಕೆ ಅಂದೇ ಮಧ್ಯಾಹ್ನದೊಳಗೆ ಸವಣೂರಿನ ಪ್ರೆಸ್ಸಿಗೆ ಮುಟ್ಟಬೇಕಿತ್ತು.

ಹೇಳುವುದು ಹೇಗೆ? ಲಗ್ನವಾದಾಗಿನಿಂದ ಆ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ಅವರು ಮನೆಗೆ ಬಂದರೆ ಬಂದ್ರೇನ್ರಿ ಅನ್ನುತ್ತಿದ್ದೆ, ನಾನು ಅವರನ್ನು ಕರೆದದ್ದು ಅಷ್ಟೇ. ರೇಷನ್ ಕಾರ್ಡಿನವರು ಕೇಳಿದರೂ, ಓಟಿನ ಯಾದಿಯವರು ಕೇಳಿದರೂ ಪಕ್ಕದಲ್ಲಿ ನಿಂತವರು ಹೇಳುತ್ತಿದ್ದರು, ನಾನು ಸೆರಗು ಸರಿ ಮಾಡಿಕೊಳ್ಳುತ್ತಿದ್ದೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ಈಗ ಕಡಿಮೆಯಾಗಲು ಏನೂ ಉಳಿದಿರಲಿಲ್ಲ, ಆದರೂ ನಾಲಗೆಗೆ ಅದು ತಿಳಿಯಬೇಕಲ್ಲ.

ಮೊಮ್ಮಗಳು ಲ್ಯಾಪ್‌ಟಾಪು ತಂದು ಪಡಸಾಲೆಯಲ್ಲಿ ಇಟ್ಟಳು. ಇದರೊಳಗೆ ಎಐ ಇದೆ, ನೀನು ಬಾಯಿಂದ ಹೇಳು, ಅದು ವರ್ಡಿನಲ್ಲಿ ಪತ್ರಿಕೆ ಬರೆಯುತ್ತದೆ, ಸರಿ ಅನಿಸದಿದ್ದರೆ ಹೇಳಿದ ಹಾಗೆ ತಿದ್ದುತ್ತದೆ ಎಂದಳು. ನಾನು ಕಲಿತದ್ದು ಮೂರನೆಯ ಇಯತ್ತೆ. ಹೇಳಿದೆ, ನನಗೆ ಬಂದ ಹಾಗೆ: ನಮ್ಮ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುತ್ತೇವೆ, ಮನೆಮಂದಿಯೆಲ್ಲ ಬರ್ರಿ, ಹೋಳಿಗೆ ಉಂಡು ಹೋಗ್ರಿ. ಅದು ಬರೆದದ್ದನ್ನು ಮೊಮ್ಮಗಳು ಓದಿದಳು. ಶುಭಮುಹೂರ್ತ, ಬಂಧುಬಾಂಧವರು, ಆಗಮಿಸಿ ಆಶೀರ್ವದಿಸಬೇಕಾಗಿ ವಿನಂತಿ. ಕೋರ್ಟಿನ ನೋಟೀಸು ಬಂದಂತೆ ಇದೆಯಲ್ಲೇ ಎಂದೆ. ಅವಳು ಅದನ್ನೇ ಅದಕ್ಕೆ ಹೇಳಿದಳು. ಒಂದು ಗುಟುಕು ಚಹಾ ಕುಡಿಯುವುದರೊಳಗೆ ಎಲ್ಲ ಬದಲು ಮಾಡಿ, ಹೋಳಿಗೆಯನ್ನೂ ಸೇರಿಸಿ ಕೊಟ್ಟಿತು. ಬೇಸರವೆಂಬುದಿಲ್ಲ ಅದಕ್ಕೆ. ನಾನು ಐದು ಸಲ ತಿದ್ದಿಸಿದೆ. ನಿಜ ಹೇಳಬೇಕೆಂದರೆ ಹೆಸರಿನ ಮಾತು ಬರದಿರಲಿ ಎಂದು ತಿದ್ದಿಸುತ್ತಿದ್ದೆ.

ಬಂತು. ಮಗುವಿನ ಹೆಸರೇನು ಎಂದು ಅದೇ ಕೇಳಿತು. ಪತ್ರಿಕೆಯ ನಡುವೆ ಚುಕ್ಕೆ ಚುಕ್ಕೆ ಇಟ್ಟು ಜಾಗ ಬಿಟ್ಟಿತ್ತು.

ನೀನೇ ಬರೆ ಎಂದೆ ಮೊಮ್ಮಗಳಿಗೆ. ಅಜ್ಜನ ಹೆಸರು ಅವಳಿಗೆ ಗೊತ್ತಿಲ್ಲವೇ? ಅವಳು ಕೈ ಕಟ್ಟಿ ಕುಳಿತಳು. "ಮಾಮಾ ನಿನ್ನ ಬಾಯಿಲೇ ಅಂದಾನ. ನಾಳೆ ಕೇಳಿದ್ರ ಸುಳ್ಳು ಹೇಳಾಕ ಬರೂದಿಲ್ಲ ನನಗ."

ಪ್ರೆಸ್ಸಿನವನು ಒಮ್ಮೆ ಫೋನು ಮಾಡಿದ. ಗೋಡೆಯ ಗಡಿಯಾರ ನೋಡುತ್ತ ಕುಳಿತೆ. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅವರ ಹೆಸರು ಮನೆಯಿಂದ ಹೋಗುತ್ತದೆ ಎಂದು ತಿಳಿದಿತ್ತು. ತಿಳಿದದ್ದು ತಲೆಗೆ ಮಾತ್ರ.

ಆಗ ಹುಡುಗಿ ಅಂದಳು, "ಒಡಪು ಹಾಕಿ ಹೇಳಬೇ ಆಯಿ. ಕೇಳೂದು ನಾನೂ ಈ ಡಬ್ಬೀನೂ ಅಷ್ಟ."

ಹೊಸ ಮದುಮಗಳನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸಿ ಹೆಂಗಸರು ಗಂಡನ ಹೆಸರು ಹೇಳಿಸುತ್ತಾರಲ್ಲ, ಅದೇ ಒಡಪು. ಪ್ರಾಸ ಕೂಡಿಸಿ ಕೊನೆಗೆ ಹೆಸರು ಸೇರಿಸಿದರೆ ದೋಷವಿಲ್ಲ. ಬಸುರಿಯರ ಕುಬಸ, ಮದುವೆ, ಎಲ್ಲ ಕಡೆಯೂ ನನ್ನ ಒಡಪು ಕೇಳಲೆಂದೇ ಜನ ಕೂರುತ್ತಿದ್ದರು. ಗಂಡ ಹೋದವಳನ್ನು ಯಾರೂ ಒಡಪು ಕೇಳುವುದಿಲ್ಲ. ಎಂಟು ತಿಂಗಳಲ್ಲಿ ಮಗನನ್ನು ಬಿಟ್ಟರೆ ಆ ಹೆಸರು ಬೇಕೆಂದು ನನ್ನನ್ನು ಕೇಳಿದ್ದು ಆ ಯಂತ್ರವೊಂದೇ. ಅದಕ್ಕೆ ನಾನು ಯಾರೆಂಬುದು ಗೊತ್ತಿರಲಿಲ್ಲ.

ಸೆರಗು ಹೊದ್ದುಕೊಂಡೆ. ಹೇಳಿದೆ.

"ಸವಣೂರ ಎಲಿಗೆ ಸುಣ್ಣ ತೆಳ್ಳಗಿರಬೇಕು,
ಸಿಟ್ಟಿನ ರಾಯರಿಗೆ ಮಾತು ಮೆಲ್ಲಗಿರಬೇಕು,
ಬಾಗಿಲ ತಡದವರು ಸರದು ನಿಲ್ಲಬೇಕು,"

ಆಮೇಲೆ ಹೆಸರು. ಇಲ್ಲಿ ಬರೆಯಲು ಕೈ ಏಳುವುದಿಲ್ಲ, ಅಂದು ಹೇಳಿದೆನೆಂಬುದು ಖರೆ.

ಮೊಮ್ಮಗಳು ಪರದೆ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಶಿಶುವಿನ ಹೆಸರು ಎಂದಿದ್ದ ಕಡೆ ಎಲೆ, ಸುಣ್ಣ, ಸಿಟ್ಟು, ಬಾಗಿಲು ಎಲ್ಲವೂ ಬಂದು ಕುಳಿತಿದ್ದವು. ಮೂರು ಸಾಲು ಮುಗಿದ ಮೇಲೆ ಅವರ ಹೆಸರು. ಪೂರ್ತಿ ಒಡಪನ್ನೇ ಕೂಸಿಗೆ ಇಟ್ಟುಬಿಟ್ಟಿತ್ತು ಅದು.

"ಸಾಲ್ಯಾಗ ಇವನ ಹಾಜರಿ ಕರಿಯೂದ್ರಾಗ ಊಟದ ಗಂಟಿ ಹೊಡಿತೈತಿ," ಎಂದು ಹುಡುಗಿ ಕಂಬ ಹಿಡಿದು ನಕ್ಕಳು. ನನಗೂ ನಗು ಬಂತು. ಅದರ ಹಿಂದೆಯೇ ಅಳು ಬರುತ್ತದೆಂದು ಕಾದೆ. ಬರಲಿಲ್ಲ.

ಕೊನೆಯ ಶಬ್ದ ಮಾತ್ರ ಹೆಸರು, ಉಳಿದದ್ದು ತೆಗೆ ಎಂದು ಅವಳು ಹೇಳಿಕೊಟ್ಟಳು. ತೆಗೆಯಿತು. ನಂತರ ಪತ್ರಿಕೆಯನ್ನೆಲ್ಲ ಅದರ ಕೈಯಲ್ಲೇ ಓದಿಸಿದಳು. ಹೆಣ್ಣಿನ ದನಿ. ಎಲ್ಲೂ ತಡೆಯದೆ, ನಾಚದೆ, ಅವರ ಹೆಸರಿನ ಹಿಂದೆ ಚಿರಂಜೀವಿ ಎಂದು ಸೇರಿಸಿ ಓದಿತು. ಎಂಟು ತಿಂಗಳಿಂದ ಎಲ್ಲ ಕಾಗದದಲ್ಲೂ ಆ ಹೆಸರಿನ ಹಿಂದೆ ದಿವಂಗತ ಎಂದೇ ಇತ್ತು. ಇನ್ನೊಮ್ಮೆ ಓದಿಸು ಎಂದೆ. ಮತ್ತೊಮ್ಮೆ ಎಂದೆ. ಫೈಲು ಪ್ರೆಸ್ಸಿಗೆ ಹೋದ ಮೇಲೂ ಓದಿಸಿದೆ. ಒಲೆಯ ಮೇಲೆ ಬೇಳೆ ಉಕ್ಕಿದ್ದು ನನಗೆ ತಿಳಿಯಲಿಲ್ಲ.

ಮಗನಿಗೆ ಕಳಿಸಿದಾಗ ಅವನು ಫೋನು ಮಾಡಿ ಪತ್ರಿಕೆಯನ್ನು ಒಮ್ಮೆ ಪೂರ್ತಿ ಓದಿದ. ಆಮೇಲೆ ಆಯಿತು ಬಿಡು ಎಂದ. ಸೊಸೆ ಫೋನು ಇಸಿದುಕೊಂಡಳು. ಅವಳು ಆರಿಸಿದ ಹೆಸರು ಹೋಯಿತಲ್ಲ ಎಂದು ನನಗೆ ಅಳುಕಿತ್ತು. ಅವಳು ಕೇಳಿದ್ದೇ ಬೇರೆ.

"ಅತ್ತಿ, ಆ ಹೆಸರು ಇಟ್ಟ ಮ್ಯಾಲ ಕೂಸಿಗೆ ನೀವು ಏನಂತ ಕರೀತೀರಿ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ನೀನು ಆರಿಸಿದ ಹೆಸರಿನಿಂದ ಕರೆಯುತ್ತೇನೆ ಎಂದೆ. ಅವಳು ಖುಷಿಯಾದಳು. ನಾನೂ ಆ ಎರಡಕ್ಷರವನ್ನು ಸವಣೂರಿನಿಂದ ಹಾವೇರಿಯ ತನಕ, ಹಾವೇರಿಯಿಂದ ಹಿರೇಕೆರೂರಿನ ತನಕ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡೇ ಹೋದೆ.

ತೊಟ್ಟಿಲಿಗೆ ಹಾಕುವ ಮುಂಚೆ ಬೀಗತಿ ಕೂಸನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ಎಣ್ಣೆ ಹಚ್ಚಿ ಎರೆದ ಮೈ, ಕೆಂಪಗೆ ಮುದ್ದೆಯಾದ ಮುಖ. ಕಣ್ಣು ತೆರೆದು ನನ್ನ ಕಡೆ ನೋಡಿತು. ಕರೀರಿ ಎಂದಳು ಸೊಸೆ. ನಾನು ಬಾಯಿ ತೆರೆದೆ.

"ಬಂದ್ರೇನ್ರಿ," ಅಂದೆ.

ಕೋಣೆಯ ಹೆಂಗಸರೆಲ್ಲ ನಕ್ಕರು. ಸೊಸೆ ಮಾತ್ರ ನಗದೆ ನನ್ನನ್ನೇ ನೋಡಿದಳು. ನಾನು ತಿದ್ದಿಕೊಳ್ಳಲಿಲ್ಲ.