ನೀನಾಗೇ ಬರಬೇಡ ಎಂದವಳು ನಾನು

ಪವಿತ್ರ ಗಂಡನ ಮನೆ ಬಿಟ್ಟು ಹೋಗಲಿಲ್ಲ. ಅವಳು ತಾನಾಗಿಯೇ ಬಿಟ್ಟು ಹೋದಳು ಎಂದು ದೇವನಹಳ್ಳಿಯ ನ್ಯಾಯಾಲಯದಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಹೇಳಿದವಳು ನಾನು. ಹೇಳುವಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಅರ್ಧ ಗೊತ್ತಿತ್ತು, ಯಾರೋ ಹೇಳಿಕೊಟ್ಟಿದ್ದರು — ಹೀಗೆಲ್ಲ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇಲ್ಲ. ಪೂರ್ತಿ ಗೊತ್ತಿತ್ತು.

ಪವಿತ್ರ ನನ್ನ ತಮ್ಮ ನಾಗೇಶನ ಹೆಂಡತಿ. ಹೆಂಡತಿಯಾಗಿದ್ದಳು ಎನ್ನಬೇಕು. ನನ್ನ ತವರು ಕುಂದಾಣದ ಹತ್ತಿರದ ಒಂದು ಊರು. ಅವಳ ತವರು ಬೂದಿಗೆರೆ. ನನ್ನನ್ನು ಕೊಟ್ಟಿರುವುದು ದೊಡ್ಡಬಳ್ಳಾಪುರಕ್ಕೆ. ನಮ್ಮ ಮನೆಯವರು ಎರಡು ಮಗ್ಗ ಇಟ್ಟುಕೊಂಡಿದ್ದಾರೆ. ಮಗ್ಗ ನಿಂತ ತಿಂಗಳುಗಳಲ್ಲಿ ತವರಿನಿಂದ ರಾಗಿ, ಅವರೆಕಾಯಿ, ಸೊಪ್ಪು ಬರುತ್ತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ತವರಿನ ಬಾಗಿಲು ಮುಚ್ಚಿದರೆ ಎಂಬ ಭಯ ನನ್ನಂಥವಳಿಗೆ ಹೇಗಿರುತ್ತದೆ ಎಂದು ತಿಳಿಯಲಿ ಎಂದಷ್ಟೇ.

ನಾಗೇಶನ ಮದುವೆ ಆಗುವ ಹಿಂದಿನ ವರ್ಷ ಅಪ್ಪ ತೀರಿಕೊಂಡಿದ್ದರು. ಜಮೀನು ಅಜ್ಜನ ಕಾಲದಿಂದ ಬಂದದ್ದು. ಅಪ್ಪನ ಹೆಸರಿನಲ್ಲೇ ಇತ್ತು, ಇನ್ನೂ ಯಾರ ಹೆಸರಿಗೂ ಆಗಿರಲಿಲ್ಲ. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಮಣ್ಣಿಗೆ ಬೆಲೆ ಬಂದಿತ್ತಲ್ಲ, ಬಡಾವಣೆ ಮಾಡುವವರು ಕಾರಿನಲ್ಲಿ ಬಂದು ಬದುವಿನ ಮೇಲೆ ನಿಂತು ನೋಡಿ ಹೋಗುತ್ತಿದ್ದರು. ಅಮ್ಮ ಆ ಕಾರುಗಳನ್ನು ನೋಡಿದ ದಿನ ಸರಿಯಾಗಿ ಊಟ ಮಾಡುತ್ತಿರಲಿಲ್ಲ.

ಮದುವೆಯಾಗಿ ಮೂರು ತಿಂಗಳಾಗಿರಬೇಕು. ನಾನು ತವರಿಗೆ ಹೋಗಿದ್ದೆ. ಎಲ್ಲರೂ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಪವಿತ್ರ ತಲೆ ಎತ್ತದೆ ಕೇಳಿದಳು.

"ಅತ್ತೆ, ಖಾತೆ ಯಾವಾಗ ಮಾಡಿಸ್ತೀರಾ? ಇವರದು ಇಷ್ಟು ಅಂತ ಗೊತ್ತಾದ್ರೆ ಒಂದ್ ಬೋರಾದ್ರೂ ಹಾಕಿಸ್ಬೋದು. ಅಕ್ಕಂಗೂ ಪಾಲು ಬರ್ತದಲ್ವಾ ಈಗ? ಅವರದನ್ನೂ ಬರ್ಸಿಬಿಡಿ, ಆಮೇಲೆ ತಕರಾರು ಬೇಡ."

ಅಕ್ಕ ಎಂದರೆ ನಾನು. ನನ್ನ ಪಾಲಿನ ಮಾತನ್ನು ಆ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ, ನಾನೂ ಆಡಿರಲಿಲ್ಲ. ಅಮ್ಮನ ಕೈ ನಿಂತಿತು. ನಾನು ತಕ್ಷಣ, "ಅಯ್ಯೋ, ನಂಗೇನೂ ಬ್ಯಾಡ ಕಣಮ್ಮ. ತವರು ತಣ್ಣಗಿದ್ರೆ ಸಾಕು," ಎಂದೆ. ನನ್ನ ಪರವಾಗಿ ಮಾತಾಡಿದವಳನ್ನು ಬಿಟ್ಟುಕೊಡಲು ನನಗೆ ಅಷ್ಟು ಹೊತ್ತು ಸಾಕಾಯಿತು.

ಅವಳು ಒಳಗೆ ಹೋದ ಮೇಲೆ ಅಮ್ಮ ಹೇಳಿದಳು: "ನೋಡ್ದಾ ಯಶೋದ, ಕಾಲಿಟ್ಟು ಮೂರ್ ತಿಂಗಳಾಗಿಲ್ಲ, ಪಾಲು ಕೇಳ್ತವ್ಳೆ. ನಾಳೆ ನನ್ನನ್ನೇ ಬೀದಿಗೆ ನಿಲ್ಲಿಸ್ತಾಳೆ. ಆಷಾಢ ಬರ್ಲಿ, ಹೋಗ್ಲಿ. ಹೋದೋಳು ಅಲ್ಲೇ ಇರ್ಲಿ."

ನಾಗೇಶ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ. ಕೇಳಿಸಿಕೊಂಡು ಕಾಯಿ ಸುಲಿಯುತ್ತಲೇ ಇದ್ದ. ನಾನೂ ಸುಲಿಯುತ್ತಲೇ ಇದ್ದೆ.

ನಮ್ಮಲ್ಲಿ ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಸೊಸೆಯನ್ನು ತವರಿಗೆ ಕಳಿಸುತ್ತಾರೆ. ಶ್ರಾವಣ ಬಂದ ಮೇಲೆ ಗಂಡನ ಮನೆಯವರು ಹೂವು ಹಣ್ಣು ತೆಗೆದುಕೊಂಡು ಹೋಗಿ ಕರೆದುಕೊಂಡು ಬರಬೇಕು. ಕರೆಯದೆ ಅವಳು ಬರುವುದಿಲ್ಲ. ಬಂದರೆ ಅವಳಿಗೂ ಮರ್ಯಾದೆಯಲ್ಲ, ಅವಳ ತವರಿಗೂ ಅಲ್ಲ. ಪವಿತ್ರ ಹೊರಟ ದಿನ ನಾನೇ ಅವಳಿಗೆ ಮಡಿಲು ತುಂಬಿದೆ. ಅಕ್ಕಿ, ಬೆಲ್ಲ, ಕೊಬ್ಬರಿ ಗಿಟಕು. ಅವಳು ಸೆರಗು ಹಿಡಿದು ನಿಂತಿದ್ದಳು. ಹೋದವಳು ಮತ್ತೆ ಬರಲಿ ಎಂದು ತುಂಬುವ ಮಡಿಲು ಅದು.

ಶ್ರಾವಣ ಬಂತು. ನನ್ನ ತವರಿನಿಂದ ಅವಳನ್ನು ಕರೆತರಲು ಯಾರೂ ಹೊರಡಲಿಲ್ಲ. ಅಕ್ಕನಾದ ನಾನು ಹೋಗಬೇಕಿತ್ತು. ಅಮ್ಮ ಹೋಗಬೇಡ ಎಂದಳು, ನಾನು ಹೋಗಲಿಲ್ಲ. ಎರಡನೆಯ ವಾರ ಮಧ್ಯಾಹ್ನ ಪವಿತ್ರ ನನಗೆ ಫೋನು ಮಾಡಿದಳು. ಮಗ್ಗದ ಸದ್ದಿಗೆ ಏನೂ ಕೇಳಿಸದೆ ನಾನು ಹಿತ್ತಿಲಿಗೆ ಹೋದೆ.

"ಅಕ್ಕ, ಯಾವತ್ತು ಬರ್ತೀರಾ? ಇವರು ಫೋನೇ ಎತ್ತಲ್ಲ. ಒಂದ್ ತಿಂಗಳು ತಪ್ಪಿದೆ ಅಕ್ಕ, ಡಾಕ್ಟ್ರು ಹೌದು ಅಂದ್ರು. ನಿಮಗೇ ಮೊದ್ಲು ಹೇಳ್ತಿರೋದು. ಯಾರಿಗೂ ಬಿಡುವಿಲ್ದಿದ್ರೆ ಹೇಳಿ, ನಾನೇ ಬಸ್ ಹತ್ಕೊಂಡ್ ಬಂದ್ಬಿಡ್ತೀನಿ."

ನಾನು ಹೇಳಿದ್ದು ಇದು, ಒಂದಕ್ಷರವೂ ಬದಲಾಗಿಲ್ಲ: "ನೀನಾಗೇ ಬರಬೇಡ ಕಣಮ್ಮ, ಜನ ಏನಂತಾರೆ. ನೀನ್ ಇರು. ನಾವೇ ಬಂದು ಕರ್ಕೊಂಡ್ ಹೋಗ್ತೀವಿ."

ಹಾಗೆ ಹೇಳೆಂದು ಅಮ್ಮ ಹೇಳಿಕೊಟ್ಟಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ ಬುದ್ಧಿ. ಸಂಪ್ರದಾಯದ ಮಾತಾಗಿದ್ದರಿಂದ ಅವಳು ನಂಬಿದಳು. "ಆಯ್ತಕ್ಕ," ಎಂದಳು. ಫೋನಿಟ್ಟ ಮೇಲೆ ನನಗೆ — ಬರೆಯಲು ಕೈ ಬರುತ್ತಿಲ್ಲ — ಒಂದು ಬಗೆಯ ಸಮಾಧಾನವೇ ಆಯಿತು. ಜಾಣತನ ಮಾಡಿದೆ ಎನ್ನಿಸಿತು.

ಅವಳು ಬಸುರಿ ಎಂಬ ಸುದ್ದಿಯನ್ನು ಅಮ್ಮನಿಗೆ ಮುಟ್ಟಿಸಿದವಳೂ ನಾನೇ. ಕೇಳಿದರೆ ಮನಸ್ಸು ಕರಗೀತು ಎಂದುಕೊಂಡೆನೋ, ಸುದ್ದಿ ಹೇಳುವ ಚಪಲವೋ, ಈಗ ತಿಳಿಯದು. ಅಮ್ಮ ಕರಗಲಿಲ್ಲ. ಆತುರಪಟ್ಟಳು. ಅದೇ ತಿಂಗಳು ನಾನೂ ನಾಗೇಶನೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನಮ್ಮ ನಮ್ಮ ಹಕ್ಕು ಬಿಟ್ಟುಕೊಟ್ಟು ಹೆಬ್ಬೆರಳೊತ್ತಿ ಬಂದೆವು. ಅರಿಶಿನ ಕುಂಕುಮಕ್ಕೆಂದು ನನಗೊಂದು ಸೀರೆ ಕೊಟ್ಟರು. ಜಮೀನೆಲ್ಲ ಅಮ್ಮನ ಹೆಸರಿಗಾಯಿತು. ನಾಗೇಶನ ಹೆಸರಿನಲ್ಲಿ ಒಂದು ಗುಂಟೆಯೂ ಉಳಿಯಲಿಲ್ಲ. ಇದು ನಮ್ಮ ಕಡೆ ಹೊಸದೇನಲ್ಲ. ಸೊಸೆ ಕೋರ್ಟಿಗೆ ಹೋಗುತ್ತಾಳೆ ಎಂಬ ಅನುಮಾನ ಬಂದರೆ ಮೊದಲು ಮಗನನ್ನು ಬಡವನನ್ನಾಗಿ ಮಾಡುತ್ತಾರೆ.

ಪವಿತ್ರ ಶ್ರಾವಣ ಕಾದಳು, ಗೌರಿ ಹಬ್ಬ ಕಾದಳು, ದೀಪಾವಳಿ ಕಾದಳು. ಹೆರಿಗೆಯಾಗಿ ಹೆಣ್ಣುಮಗು ಹುಟ್ಟಿತು. ನಾಮಕರಣಕ್ಕೂ ನಮ್ಮಿಂದ ಯಾರೂ ಹೋಗಲಿಲ್ಲ. ಆಮೇಲೆ ಅವಳು ಜೀವನಾಂಶಕ್ಕೆ ಅರ್ಜಿ ಹಾಕಿದಳು. ಕೂತು ಮಾತಾಡಿ ಸರಿಮಾಡಿಕೊಳ್ಳಿ ಎಂದು ಎರಡು ಸಲ ಮಧ್ಯಸ್ಥಿಕೆಗೆ ಕಳಿಸಿದರಂತೆ. ಅಮ್ಮ ಎದ್ದು ಬಂದಳಂತೆ. ನಂತರ ಸಾಕ್ಷಿ.

ನಮ್ಮ ವಕೀಲರು ಕೋರ್ಟಿನ ಮೆಟ್ಟಿಲ ಬಳಿ ನನಗೆ ಬಿಡಿಸಿ ಹೇಳಿದರು. "ನೋಡಿಯಮ್ಮ, ಸಕಾರಣ ಇಲ್ದೆ ತಾನಾಗೇ ಗಂಡನ್ನ ಬಿಟ್ಟು ಹೋದೋಳಿಗೆ ಜೀವನಾಂಶ ಸಿಗಲ್ಲ. ಇಡೀ ಕೇಸು ನಿಂತಿರೋದು ಅದರ ಮೇಲೆ. ನೀವು ಉದ್ದ ಮಾತಾಡ್ಬೇಡಿ. ಕೇಳಿದ್ದಕ್ಕೆ ಹೌದು, ಇಲ್ಲ. ಕೇಳ್ದೆ ಇರೋದನ್ನ ಹೇಳ್ಬೇಡಿ."

ಸಾಕ್ಷಿ ಕಟಕಟೆಯಲ್ಲಿ ನಿಂತೆ. ಆಕೆ ತಾನಾಗಿಯೇ ಬಿಟ್ಟು ಹೋದಳು, ಹಿರಿಯರು ಹೋಗಿ ಕರೆದರೂ ಬರಲಿಲ್ಲ ಎಂದು ನಮ್ಮ ವಕೀಲರು ನನ್ನ ಹೆಸರಿನ ಪ್ರಮಾಣಪತ್ರದಲ್ಲಿ ಮೊದಲೇ ಬರೆಸಿದ್ದರು. ಅದು ನನ್ನದೇ ಮಾತು ಎಂದು ಒಪ್ಪಿಕೊಂಡೆ. ಆಮೇಲೆ ಪವಿತ್ರಳ ವಕೀಲರು ಪಾಟೀಸವಾಲಿಗೆ ಎದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೆತ್ತಗಿನ ದನಿ. ಏನೇನೋ ಕೇಳಿ ಕೊನೆಗೆ ಕೇಳಿದರು: "ಅರ್ಜಿದಾರರು ಶ್ರಾವಣದಲ್ಲಿ ನಿಮಗೆ ಫೋನ್ ಮಾಡಿ, ತಾನೇ ಬರ್ತೀನಿ ಅಂದಾಗ, 'ನೀನಾಗೇ ಬರಬೇಡ, ನಾವೇ ಬಂದು ಕರ್ಕೊಂಡ್ ಹೋಗ್ತೀವಿ' ಅಂತ ನೀವು ಹೇಳಿದ್ರಿ. ನಿಜ ತಾನೆ?"

ಆ ಮಾತು ನಮ್ಮಿಬ್ಬರನ್ನು ಬಿಟ್ಟು ಪ್ರಪಂಚದಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಅವಳ ಬಳಿ ಬೇರೆ ರುಜುವಾತಿರಲಿಲ್ಲ. ಅವಳಿಗಿದ್ದ ಸಾಕ್ಷಿ ನಾನೊಬ್ಬಳೇ.

"ಇಲ್ಲ," ಎಂದೆ.

ಬೆರಳಚ್ಚು ಮಾಡುವವರು ಅದನ್ನು ಹೊಡೆದರು. ಪವಿತ್ರ ಹಿಂದಿನ ಬೆಂಚಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅವಳು ಅಳಲಿಲ್ಲ, ಕೂಗಲಿಲ್ಲ. ನನ್ನನ್ನು ನೋಡಿದಳು — ಸಿಟ್ಟಿನಿಂದಲ್ಲ, ಆಶ್ಚರ್ಯದಿಂದ, ನಾನು ಬೇರೆ ಯಾರೋ ಇರಬೇಕು ಎನ್ನುವ ಹಾಗೆ. ಆಮೇಲೆ ಮಗುವಿನ ಲಂಗ ಸರಿಮಾಡಿದಳು.

ಮಗುವಿಗೆ ಒಂದಿಷ್ಟು ಕೊಡಬೇಕೆಂದು ಆದೇಶವಾಯಿತು. ಅವಳಿಗೆ ಏನೂ ಇಲ್ಲ; ತಾನಾಗಿ ಬಿಟ್ಟು ಹೋದವಳು ಎಂದಾಯಿತು. ಅದೇ ಸಾಕ್ಷ್ಯವನ್ನು ಹಿಡಿದುಕೊಂಡು ನಾಗೇಶ ವಿಚ್ಛೇದನವನ್ನೂ ಪಡೆದ. ಮತ್ತೆ ಮದುವೆಯೂ ಆಯಿತು. ಆ ಮದುವೆಯಲ್ಲಿ ಕಳಸ ಹಿಡಿದದ್ದು ನಾನು.

ವರ್ಷಗಳು ಹೋದವು. ಈ ವರ್ಷ ನನಗೊಂದು ಸಮನ್ಸ್ ಬಂತು. ಮಗಳು ಹರ್ಷಿತಳ ಪರವಾಗಿ ಪವಿತ್ರ ಪಾಲು ಕೇಳಿ ದಾವೆ ಹಾಕಿದ್ದಾಳೆ. ನಾವು ಹಕ್ಕು ಬಿಟ್ಟುಕೊಟ್ಟಾಗ ಈ ಮಗು ಹೊಟ್ಟೆಯಲ್ಲಿತ್ತು, ಹೊಟ್ಟೆಯಲ್ಲಿದ್ದ ಮಗುವಿಗೂ ಹಿರಿಯರ ಆಸ್ತಿಯಲ್ಲಿ ಹಕ್ಕಿದೆ, ಗೊತ್ತಿದ್ದೂ ಅದನ್ನು ತಪ್ಪಿಸಲೆಂದೇ ಹೀಗೆ ಮಾಡಿದರು — ಅದು ಅವಳ ವಾದ. ನಾಗೇಶ ಮನೆಗೆ ಬಂದ.

"ಅಕ್ಕ, ಏನಿಲ್ಲ. ಆಗ ಅವಳು ಬಸುರಿ ಅಂತ ನಮಗ್ಯಾರಿಗೂ ಗೊತ್ತಿರ್ಲಿಲ್ಲ ಅಂದ್ಬಿಡು ಸಾಕು. ನಿನಗೇನು, ಒಂದ್ಸಲ ಹೇಳಿ ಅಭ್ಯಾಸ ಆಗೈತೆ."

ಅವನು ನಕ್ಕ. ತಮಾಷೆಗೇ ಹೇಳಿದ್ದ. ಸುಳ್ಳು ಹೇಳಿ ಅಭ್ಯಾಸವಾದವಳು ಎಂದು ನನ್ನ ತಮ್ಮ, ನಾನು ಎತ್ತಿ ಆಡಿಸಿದವನು, ನನ್ನ ಬಗ್ಗೆ ಸಹಜವಾಗಿ ತಿಳಿದಿದ್ದ. ಮತ್ತೆ ಅದೇ ಫೋನಿನ ಮಾತು. ಅಂದು ಅದರ ಒಂದು ಅರ್ಧವನ್ನು ಹೂತಿದ್ದೆ. ಉಳಿದರ್ಧವನ್ನು ಹೂಳಲು ಈಗ ಬಂದಿದ್ದಾನೆ.

ಒಂದು ಭಾನುವಾರ ಯಾರಿಗೂ ಹೇಳದೆ ಬೂದಿಗೆರೆಗೆ ಹೋದೆ. ಪವಿತ್ರ ಈಗ ಗುಲಾಬಿ ಬೆಳೆಯುವ ಕಡೆ ಹೂವು ವಿಂಗಡಿಸುವ ಕೆಲಸಕ್ಕೆ ಹೋಗುತ್ತಾಳೆ. ಬೆರಳುಗಳಿಗೆ ಮುಳ್ಳು ತಾಗದಂತೆ ಸುತ್ತಿಕೊಂಡ ಪಟ್ಟಿ ರಜೆಯ ದಿನವೂ ಹಾಗೇ ಇತ್ತು. ಬಾಗಿಲಲ್ಲಿ ನನ್ನನ್ನು ಕಂಡು ಎದ್ದು ಬಂದಳು.

"ಏನಕ್ಕ, ಕರ್ಕೊಂಡ್ ಹೋಗಕ್ ಬಂದ್ರಾ? ಶ್ರಾವಣ ಇನ್ನೂ ಬಂದಿಲ್ವಲ್ಲ," ಎಂದಳು.

ಒಳಗಿನಿಂದ ಹುಡುಗಿ ಬಂದು ಕೇಳಿದಳು: "ಯಾರಮ್ಮ?"

"ನಿಮ್ಮತ್ತೆ ಕಣೆ. ನಿಮ್ಮಪ್ಪನ ಅಕ್ಕ. ನೀರು ತಂದ್ಕೊಡು."

ಹುಡುಗಿಯ ಹಣೆ, ಹುಬ್ಬು ನಮ್ಮ ಅಪ್ಪನದೇ. ನೀರಿನ ಲೋಟ ಕೈಯಲ್ಲಿ ಹಿಡಿದುಕೊಂಡೇ ನಾನು ಎಲ್ಲವನ್ನೂ ಹೇಳಿದೆ. ಫೋನಿನ ಮಾತು ನಿಜ, ಕೋರ್ಟಿನಲ್ಲಿ ಹೇಳಿದ್ದು ಸುಳ್ಳು, ಬಸುರಿನ ಸುದ್ದಿಯನ್ನು ಅಮ್ಮನಿಗೆ ಹೇಳಿದ್ದು ನಾನು. ಪವಿತ್ರ ಗೋಡೆಗೆ ಒರಗಿ ಪೂರ್ತಿ ಕೇಳಿದಳು. ನಾನು ಮುಗಿಸಿದ ಮೇಲೆ ಹೇಳಿದಳು:

"ನನ್ ಹತ್ರ ಯಾಕಕ್ಕ ಹೇಳ್ತೀರಾ? ನಂಗೆ ಗೊತ್ತಿರೋದೇ ಅಲ್ವಾ. ಗೊತ್ತಿಲ್ದೋರ ಹತ್ರ ಹೇಳಿ."

ಕ್ಷಮೆ ಕೇಳಬೇಕೆನ್ನಿಸಿತು. ಕೇಳಲಿಲ್ಲ. ಕೇಳಿದ್ದರೆ ಅವಳ ಕೈಯಿಂದ ಇನ್ನೊಂದನ್ನು ಕಿತ್ತುಕೊಂಡ ಹಾಗೆ ಆಗುತ್ತಿತ್ತು. ಅವಳು ಬಾಗಿಲವರೆಗೂ ಬಂದು ಬೀಳ್ಕೊಡಲಿಲ್ಲ. ಅದೂ ಸರಿಯೇ.

ಊರಿಗೆ ಬಂದು, ಈ ಸಲ ಸುಳ್ಳು ಹೇಳುವುದಿಲ್ಲ ಎಂದು ನಾಗೇಶನಿಗೆ ಹೇಳಿಬಿಟ್ಟೆ. ಅಮ್ಮ ಫೋನು ಮಾಡಿದಳು. "ತವರು ಬ್ಯಾಡ್ವೇನೇ ನಿಂಗೆ?" ಎಂದು ಕೇಳಿದಳು. ಮುದುಕಿಯಾಗಿದ್ದಾಳೆ, ದನಿ ಒಡೆದಿತ್ತು. ಬೇಕಮ್ಮ, ಎಂದೆ. ಬೇಕು ಎಂಬುದು ನಿಜವೇ. ಅವಳು ಫೋನಿಟ್ಟಳು. ಅಂದಿನಿಂದ ತವರಿನಿಂದ ಯಾರೂ ಬಂದಿಲ್ಲ.

ನನಗೆ ಗೊತ್ತಿರುವ ಇನ್ನೊಬ್ಬ ವಕೀಲರನ್ನು ಕೇಳಿದೆ. ಹಿಂದೆ ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡರೆ ನಿಮ್ಮ ಮೇಲೆಯೇ ಕೇಸಾಗಬಹುದು ಎಂದರು. ಹಳೆಯ ಆದೇಶ ತನ್ನಷ್ಟಕ್ಕೇ ಬದಲಾಗುವುದಿಲ್ಲ, ವಿಚ್ಛೇದನವೂ ತಿರುಗಿ ಬರುವುದಿಲ್ಲ ಎಂದೂ ಹೇಳಿದರು. ಹಾಗಾದರೆ ಹೇಳಿ ಏನಾಗುತ್ತದೆ ಎಂದೆ. "ಆ ಹುಡುಗಿ ಪಾಲಿನ ಕೇಸಿಗೆ ಬಲ ಬರಬಹುದು. ಅಷ್ಟೇ," ಎಂದರು.

ಅಷ್ಟೇ. ಪವಿತ್ರಳ ಆ ಶ್ರಾವಣಗಳು ಯಾವ ಆದೇಶದಲ್ಲೂ ಇಲ್ಲ. ಅವಳ ಇಪ್ಪತ್ತಮೂರನೆಯ ವಯಸ್ಸು, ಇಪ್ಪತ್ತನಾಲ್ಕನೆಯ ವಯಸ್ಸು — ಅವನ್ನು ಹಿಂತಿರುಗಿಸಲು ನನ್ನ ಬಳಿ ಏನೂ ಇಲ್ಲ.

ಮುಂದಿನ ತಿಂಗಳು ನನ್ನ ಸಾಕ್ಷಿ ಇದೆ. ಈ ಸಲ ಯಾರೋ ಹೇಳಿಕೊಟ್ಟ ಮಾತನ್ನು ಹೇಳುವುದಿಲ್ಲ. ಬೆಳಿಗ್ಗೆ ನೂಲು ಸುತ್ತುವಾಗ ಒಬ್ಬಳೇ ಹೇಳಿ ನೋಡಿಕೊಳ್ಳುತ್ತೇನೆ: ಅವಳು ಬಸುರಿ ಎಂದು ನನಗೆ ಗೊತ್ತಿತ್ತು, ನಾನೇ ಅಮ್ಮನಿಗೆ ಹೇಳಿದೆ, ಅವಳು ಬರುತ್ತೇನೆ ಎಂದಳು, ನಾನು ಬೇಡ ಎಂದೆ. ಮೊದಲೆರಡನ್ನು ಕೇಳುತ್ತಾರೆ. ಉಳಿದೆರಡನ್ನು ಈ ಕೇಸಿನಲ್ಲಿ ಯಾರೂ ಕೇಳಲಿಕ್ಕಿಲ್ಲ. ಅವನ್ನು ಕೇಳದಿದ್ದರೂ ಹೇಳಬೇಕು.