ಗೋಡೆಯ ಮೇಲೆ ಬಂದ ಪ್ರಶ್ನೆ

ನಮ್ಮ ಶಾಲೆಯ ಕಂಪ್ಯೂಟರ್ ಮಿಸ್‌ಗೆ ಮಕ್ಕಳು ಇಟ್ಟ ಹೆಸರು ಹದ್ದು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಲ್ಯಾಬಿನಲ್ಲಿ ಕೂತ ಅಷ್ಟೂ ಮಕ್ಕಳ ಪರದೆಗಳು ಅವರ ಪರದೆಯ ಮೇಲೆ ಚಿಕ್ಕ ಚಿಕ್ಕ ಚೌಕಗಳಾಗಿ ಕಾಣುತ್ತಿದ್ದವು. ಪಾಠ ಬಿಟ್ಟು ಆಟಕ್ಕೋ ಹಾಡಿಗೋ ಜಾರಿದವರ ಪರದೆಯನ್ನು ಕೂತಲ್ಲಿಂದಲೇ ಪ್ರೊಜೆಕ್ಟರಿಗೆ ಕೊಟ್ಟು ಗೋಡೆಯ ಮೇಲೆ ತೋರಿಸುತ್ತಿದ್ದರು. ಕ್ಲಾಸೆಲ್ಲ ಗೊಳ್ಳೆಂದು ನಗುತ್ತಿತ್ತು. ಬೈಗುಳವಿಲ್ಲ, ಬೆತ್ತವಿಲ್ಲ, ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವಂಥ ಶಿಕ್ಷೆ. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಭೇಷ್ ಎಂದಿದ್ದೆವು.

ಪ್ರವಾಸ ಹತ್ತಿರ ಬಂದಿತ್ತು. ಮಕ್ಕಳು ಒಂದು ರಾತ್ರಿ ಹೊರಗೆ ತಂಗಬೇಕಿತ್ತು. ಆ ವಾರ ಟೈಪಿಂಗ್ ಕ್ಲಾಸಿನಲ್ಲಿ ಕೊನೆಯ ಸಾಲಿನ ಹುಡುಗಿಯೊಬ್ಬಳ ಚೌಕದಲ್ಲಿ ಬೇರೇನೋ ತೆರೆದಿತ್ತು. ಬಾಯಿ ಸತ್ತ ಹುಡುಗಿ, ಎಂದೂ ಸಿಕ್ಕಿಬಿದ್ದವಳಲ್ಲ. ಇವತ್ತು ಸಿಕ್ಕಳಲ್ಲ ಎಂದು ಮಿಸ್ ಓದುವ ಗೋಜಿಗೂ ಹೋಗದೆ ಬಟನ್ ಒತ್ತಿದರು. ‘ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗದಿರಲು ಏನು ಮಾಡಬೇಕು?’ ಎಂಬ ಪ್ರಶ್ನೆ ಗೋಡೆ ತುಂಬ ಬಂತು. ಅವರು ತಡಬಡಿಸಿ ಅದನ್ನು ಆರಿಸುವಷ್ಟರಲ್ಲಿ ಇಡೀ ಕ್ಲಾಸು ಓದಿ ನಕ್ಕಾಗಿತ್ತು.

ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ಮಿಸ್‌ಗೆ ಊಟ ಸೇರಲಿಲ್ಲ. ಒಂದು ಮಗುವಿನ ಮಾನ ಕಳೆದೆ ಎಂದು ನನ್ನೆದುರು ಕಣ್ಣೀರಿಟ್ಟರು. ಮಕ್ಕಳಲ್ಲವೇ, ನಾಲ್ಕು ದಿನದಲ್ಲಿ ಮರೆಯುತ್ತಾರೆ ಎಂದು ನಾನು ದೊಡ್ಡ ಮನುಷ್ಯನ ಹಾಗೆ ಸಮಾಧಾನ ಹೇಳಿದೆ.

“ನೀವಾಗಿದ್ರೆ ಮರೀತಿದ್ರಾ ಸರ್?” ಎಂದರು.

ಸಂಜೆ ಅವರು ಹುಡುಗಿಯ ಮನೆಗೆ ಹೋದರು. ತಾಯಿ ಬಾಗಿಲಲ್ಲೇ ದೂರು ಶುರು ಮಾಡಿದರಂತೆ: ಹೊಟ್ಟೆನೋವು ಅಂತಾಳೆ, ಟೂರೂ ಬೇಡ ಅಂತಾಳೆ, ನೀವಾದರೂ ಬುದ್ಧಿ ಹೇಳಿ. ಹುಡುಗಿ ಮನೆಯಲ್ಲಿ ಏನೂ ಹೇಳಿರಲಿಲ್ಲ. ತಾಯಿ ಉಗಿದಿದ್ದರೂ ಮಿಸ್‌ಗೆ ಅಷ್ಟು ನೋಯುತ್ತಿರಲಿಲ್ಲ. ತಾಯಿ ಕಾಫಿಗೆಂದು ಒಳಗೆ ಹೋದದ್ದೇ ಅವರು ಹುಡುಗಿಯ ಪಕ್ಕ ಕೂತರು.

“ತಪ್ಪು ನಂದು ಪುಟ್ಟಿ. ಓದ್ದೇನೇ ಹಾಕ್ಬಿಟ್ಟೆ. ಟೂರಿಗೆ ಬಾ, ನನ್ನ ಪಕ್ಕದಲ್ಲೇ ಮಲಗು. ರಾತ್ರಿ ನಾನೇ ಎಬ್ಬಿಸ್ತೀನಿ, ಯಾರಿಗೂ ಗೊತ್ತಾಗಲ್ಲ.”

“ಎಲ್ರಿಗೂ ಗೊತ್ತಾಯ್ತಲ್ಲ ಮಿಸ್,” ಎಂದಳು ಹುಡುಗಿ, ಒಳಗಿದ್ದ ಅಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ.