ಕೊಳೆಯಾಗದ ಪುಸ್ತಕ

ತುಂಗಾಬಾಯಿ ಮೇಡಂ ಹತ್ತಿರ ಯಾವಾಗಲೂ ಎರಡು ಕರವಸ್ತ್ರ ಇರುತ್ತಿದ್ದವು. ಬಿಳಿಯದು ತಮ್ಮ ಮುಖಕ್ಕೆ, ನೀಲಿಯದು ಊರಿನ ಕೊಳೆಗೆ. ಬಸ್ಸಿನ ಕಂಬಿ ಹಿಡಿಯಲು ನೀಲಿ, ಗೇಟಿನ ಚಿಲಕ ತೆಗೆಯಲು ನೀಲಿ, ಬೇರೆಯವರ ಮನೆ ಕುರ್ಚಿ ಕೊಡವಲು ನೀಲಿ. ನಮ್ಮ ಮನೆಯ ಕುರ್ಚಿಯನ್ನೂ ಕೊಡವಿಯೇ ಕೂರುತ್ತಿದ್ದರು. ಬೆಳಗ್ಗೆ ತಾನೇ ಒರೆಸಿದೀನಿ ಮೇಡಂ ಎಂದು ಅಮ್ಮ ಮುಖ ಸಣ್ಣ ಮಾಡಿಕೊಂಡರೆ, ಒರೆಸಿದ ಬಟ್ಟೆಯನ್ನು ಯಾವಾಗ ಒಗೆದದ್ದು ಎಂದು ಕೇಳುವರು. ಅವರು ಹೋದ ಮೇಲೆ ಅಮ್ಮ ಅರ್ಧ ಗಂಟೆ ಗೊಣಗುತ್ತಿದ್ದಳು.

ಶಂಕರಪುರಂನ ನಮ್ಮ ವಠಾರದಲ್ಲಿ ಹಿಂದಿನ ಮನೆ ಅವರದು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾಗಿದ್ದರು, ಒಬ್ಬರೇ ಇದ್ದರು. ಬಾಯಿ ತೆರೆದರೆ ಮೊದಲು ಬರುತ್ತಿದ್ದದ್ದು "ಥೂ". ಹಾಲಿನವನ ಕೈ ನೋಡಿದರೆ ಥೂ, ಪೇಪರಿನ ಸುದ್ದಿಗೆ ಥೂ, ನನ್ನ ಎಣ್ಣೆ ಜಡೆಗೆ ಥೂ. ನಾನು ಪಿಯುಸಿಯಲ್ಲಿದ್ದಾಗ ಬರೆದ ಕಥೆಯೊಂದನ್ನು ಧೈರ್ಯ ಮಾಡಿ ತೋರಿಸಿದೆ. ಪೂರ್ತಿ ಓದಿ, "ಥೂ, ಇದೇನೇ, ಒಂದು ಡಬ್ಬ ಸಕ್ಕರೆ ಸುರಿದಿದೀಯಾ?" ಅಂದರು. ಅಳು ಬಂತು. ಆದರೆ ಪೂರ್ತಿ ಓದಿದ್ದರು. ಆ ವಠಾರದಲ್ಲಿ ನಾನು ಬರೆದದ್ದನ್ನು ಪೂರ್ತಿ ಓದಿದವರು ಅವರೊಬ್ಬರೇ, ಅದಕ್ಕೇ ಅವರ ಬೈಗುಳ ತಿನ್ನಲು ಮತ್ತೆ ಮತ್ತೆ ಹೋಗುತ್ತಿದ್ದೆ.

ನನ್ನ ಪಿಯುಸಿ ಫಲಿತಾಂಶ ಬಂದದ್ದು ತೊಂಬತ್ತರ ದಶಕದ ಮಧ್ಯದ ಒಂದು ಬೇಸಗೆಯಲ್ಲಿ. ಸೈನ್ಸು, ನೂರಕ್ಕೆ ಐವತ್ತನಾಲ್ಕು. ಆಗ ನಮ್ಮಲ್ಲಿ ಒಂದು ಹೊಲಸು ಪದ್ಧತಿಯಿತ್ತು. ಫಲಿತಾಂಶದ ವಾರ ನೆಂಟರೆಲ್ಲ 'ಸುಮ್ಮನೆ' ಬರುತ್ತಿದ್ದರು, ಚಪ್ಪಲಿ ಬಿಡುವ ಮೊದಲೇ ಎಷ್ಟು ಬಂತು ಎಂದು ಕೇಳುತ್ತಿದ್ದರು. ಎನ್.ಆರ್. ಕಾಲೋನಿಯ ದೊಡ್ಡಪ್ಪ ನನ್ನ ಮಾರ್ಕ್ಸ್ ಕೇಳಿ ಸಾವಿನ ಮನೆಗೆ ಬಂದವರ ಹಾಗೆ ತಲೆ ತಗ್ಗಿಸಿ ಕೂತರು. ಆಮೇಲೆ ಚೀಲದಿಂದ ಡಬ್ಬಿ ತೆಗೆದು ತಮ್ಮ ಮಗನ ತೊಂಬತ್ತೊಂದರ ಪೇಡ ಹಂಚಿದರು. ಅದನ್ನು ನಗುತ್ತಾ ತಿನ್ನಬೇಕು, ಚೆನ್ನಾಗಿದೆ ದೊಡ್ಡಪ್ಪಾ ಅನ್ನಬೇಕು. ಈಗಲೂ ಪೇಡ ಕಂಡರೆ ನನಗೆ ವಾಕರಿಕೆ ಬರುತ್ತದೆ.

ಅವರೆದುರಿಗೇ ನಾನು ಬಿಎ ಓದುತ್ತೇನೆ, ಬರೆಯುವುದನ್ನು ಕಲಿಯುತ್ತೇನೆ ಅಂದುಬಿಟ್ಟೆ. ಬೇರೆಲ್ಲೂ ಸೀಟು ಸಿಗದವರು ಹೋಗಿ ಬೀಳುವ ಗುಂಡಿ ಆರ್ಟ್ಸು ಎಂದು ಎಲ್ಲರೂ ನಂಬಿದ್ದ ಕಾಲ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಎರಡು ದಿನ ಊಟದ ತಟ್ಟೆ ನೋಡಿಕೊಂಡೇ ಊಟ ಮಾಡಿದರು. ಮೂರನೆಯ ದಿನ ಒಂದು ಷರತ್ತು ಹೇಳಿದರು. "ಕಾಲೇಜಿನ ಹೆಸರಾದ್ರೂ ಹೇಳ್ಕೊಳೋ ಹಾಗಿರ್ಲಿ. ಇಲ್ಲಾಂದ್ರೆ ಬಿ.ಕಾಂ. ಸೇರ್ಕೊ, ಮಧ್ಯಾಹ್ನ ಟೈಪಿಂಗ್ ಕಲಿ." ಹೆಸರಿನ ಕಾಲೇಜಿಗೆ ನನ್ನ ಐವತ್ತನಾಲ್ಕು ಸಾಲದು. ಅಪ್ಪ ತಮ್ಮ ಮ್ಯಾನೇಜರ್ ಮುಂದೆ ಕೈಕಟ್ಟಿ ನಿಂತು ಒಂದು ಶಿಫಾರಸು ಪತ್ರ ತಂದರು. ಕಾಲೇಜಿಗೆ ಹೋಗುವ ದಿನ ಅಪ್ಪನಿಗೆ ರಜೆ ಸಿಗಲಿಲ್ಲ, ಜೊತೆಗೆ ಹೊರಟವರು ತುಂಗಾಬಾಯಿ ಮೇಡಂ.

ಅಲ್ಲಿನ ಪ್ರಿನ್ಸಿಪಾಲರು ಪೆನ್ನಿನ ಕ್ಯಾಪಿನಿಂದ ಕಿವಿ ಕೆರೆಯುತ್ತಾ ಪತ್ರ ಓದಿದರು. ಕ್ಯಾಪಿಗೆ ಅಂಟಿದ್ದನ್ನು ನೋಡಿ, ಮೇಜಿನ ಅಂಚಿಗೆ ಒರೆಸಿದರು. ನನ್ನ ಹೆಸರು ಕೇಳಲಿಲ್ಲ. ಹೆಣ್ಣುಮಕ್ಕಳಿಗೆ ಬಿಎ ಒಳ್ಳೆಯದು, ಮದುವೆಯವರೆಗೂ ಹೊತ್ತು ಹೋಗುತ್ತದೆ ಎಂದು ಮೇಡಂ ಕಡೆ ನೋಡಿ ನಕ್ಕು, ಸೀಟು ಆಯಿತು ಅಂದರು. ನಾಳೆಯೊಳಗೆ ಅಪ್ಪನ ಸಹಿ ಹಾಕಿಸಿ ಅರ್ಜಿ ಕೊಡಬೇಕು, ಅಷ್ಟೆ. ನನಗಂತೂ ಖುಷಿಯೇ. ಮೇಡಂ ಮಾತ್ರ ಹೊರಗೆ ಬಂದವರೇ ಲೈಬ್ರರಿ ಎಲ್ಲಿ ಎಂದು ಕೇಳಿದರು.

ಲೈಬ್ರರಿಯೆಂದರೆ ಅರಮನೆ. ನೆಲಕ್ಕೆ ಮಾರ್ಬಲ್ಲು, ಗೋಡೆಯುದ್ದಕ್ಕೂ ಗಾಜಿನ ಬೀರುಗಳು, ಪ್ರತಿಯೊಂದಕ್ಕೂ ಹಿತ್ತಾಳೆ ಬೀಗ. ಅಲ್ಲಿದ್ದ ಅಟೆಂಡರು ಹೆಮ್ಮೆಯಿಂದ ಒಂದನ್ನು ತೆರೆದ. "ಒಂದೂ ಹಾಳಾಗಿಲ್ಲ ನೋಡಿ ಮೇಡಂ. ಯಾರಿಗೂ ಕೊಡೋದೇ ಇಲ್ಲ." ಮೇಡಂ ಒಂದು ಪುಸ್ತಕ ತೆಗೆದರು. ಅಚ್ಚಾದಾಗ ಅಂಟಿಕೊಂಡ ಹಾಳೆಗಳು ಹಾಗೇ ಅಂಟಿಕೊಂಡಿದ್ದವು. ಪುಸ್ತಕ ಹಿಂದಿರುಗಿಸುವ ದಿನಾಂಕದ ಚೀಟಿ ಬಿಳಿಯಾಗಿತ್ತು. ಇನ್ನೊಂದು ತೆಗೆದರು, ಮತ್ತೊಂದು ತೆಗೆದರು, ಎಲ್ಲವೂ ಹಾಗೇ. "ಥೂ," ಅಂದರು, "ಎಷ್ಟು ಕ್ಲೀನಾಗಿದೆ." ಅಷ್ಟು ಅಸಹ್ಯಪಟ್ಟುಕೊಂಡು ಆ ಮಾತು ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ನೀಲಿ ಕರವಸ್ತ್ರದಿಂದ ಕೈ ಉಜ್ಜಿ ಉಜ್ಜಿ ಒರೆಸಿಕೊಂಡರು.

ಗೇಟಿನ ಹತ್ತಿರ ನಿಂತು, ಇಲ್ಲಿ ಸೇರಬೇಡ ಅಂದರು. ನಾನು ಅಲ್ಲೇ ಅತ್ತುಬಿಟ್ಟೆ. ಇಲ್ಲಿ ಬಿಟ್ಟರೆ ಅಪ್ಪ ಬಿ.ಕಾಂ.ಗೆ ಹಾಕುತ್ತಾರೆ, ನನ್ನ ಜೀವನ ಟೈಪಿಂಗ್ ಮಾಡಿಯೇ ಕಳೆದುಹೋಗುತ್ತದೆ ಅಂದೆ. ಅವರು ಆಟೋ ಕೂಗಿದರು.

ಆಟೋ ನಿಂತದ್ದು ಚಾಮರಾಜಪೇಟೆಯ ಇನ್ನೊಂದು ಕಾಲೇಜಿನ ಮುಂದೆ. ಅದಕ್ಕೆ ಹೆಸರೂ ಇರಲಿಲ್ಲ, ಕಾಂಪೌಂಡೂ ಇರಲಿಲ್ಲ. ಮೆಟ್ಟಿಲ ಕೆಳಗೆ ಮೂತ್ರದ ವಾಸನೆ, ಗೋಡೆಯ ಮೂಲೆಯಲ್ಲಿ ಎಲೆ ಅಡಿಕೆ ಉಗಿದ ಕಲೆ. ಮೇಡಂ ಮೂಗು ಹಿಡಿದುಕೊಂಡೇ ಹತ್ತಿದರು. ಲೈಬ್ರರಿ ಹಳೆಯ ಉಗ್ರಾಣ, ಬೀರುಗಳಿಗೆ ಬಾಗಿಲೇ ಇಲ್ಲ. ಪುಸ್ತಕಗಳ ಸ್ಥಿತಿ ಹೇಳುವ ಹಾಗಿಲ್ಲ. ಹುಳಿಯ ಕಲೆ, ತಲೆಗೆ ಹಚ್ಚುವ ಎಣ್ಣೆಯ ಕಲೆ, ಕಾಫಿ ಲೋಟದ ಉಂಗುರ, ಹಾಳೆಗಳ ನಡುವೆ ಒಣಗಿದ ಕರಿಬೇವು. ಒಂದರ ಅಂಚಿನಲ್ಲಿ ಯಾರೋ 'ಈ ಲೇಖಕನಿಗೆ ತಲೆ ಕೆಟ್ಟಿದೆ' ಎಂದು ಬರೆದಿದ್ದರು, ಅದರ ಕೆಳಗೆ ಬೇರೆ ಯಾರೋ 'ನಿನಗೆ' ಎಂದು ಬರೆದಿದ್ದರು. ನನಗೆ ಮುಟ್ಟಲು ಮನಸ್ಸಾಗಲಿಲ್ಲ.

ಮೇಡಂ ಮುಖ ಕಿವುಚಿಕೊಂಡು ಒಂದು ಹಾಳೆ ತಿರುಗಿಸಿದರು. ಅಸಹ್ಯ, ಅಂದರು. ಇನ್ನೊಂದು ಹಾಳೆ ತಿರುಗಿಸಿದರು. ಆಮೇಲೆ ಕುರ್ಚಿ ಕೊಡವದೆ ಕೂತುಬಿಟ್ಟರು. ಎಷ್ಟು ಹೊತ್ತು ಓದಿದರೋ. ಸೆಖೆಗೆ ಬೆವರಿದಾಗ ನೀಲಿ ಕರವಸ್ತ್ರದಲ್ಲೇ ಮುಖ ಒರೆಸಿಕೊಂಡರು, ಅವರಿಗೆ ಗೊತ್ತೇ ಆಗಲಿಲ್ಲ. ಎರಡು ಕರವಸ್ತ್ರ ಅದಲುಬದಲಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದರು.

"ಓದೋರ ಮಧ್ಯ ಇದ್ರೆ ಪುಸ್ತಕ ಗಲೀಜಾಗ್ಲೇಬೇಕು ಕಣೇ. ಇಲ್ಲಿ ಸೇರ್ಕೊ."

ಆ ಸಂಜೆ ಅಪ್ಪನ ಮುಂದೆ ಕೂತು ಅವರು ಹೇಳಿದ್ದೂ ಇದನ್ನೇ, ಇನ್ನೂ ಖಾರವಾಗಿ. ಮ್ಯಾನೇಜರಿಗೆ ಏನೆಂದು ಮುಖ ತೋರಿಸಲಿ ಎಂದು ಅಪ್ಪ ಹಲ್ಲು ಕಚ್ಚಿಕೊಂಡರು. ಮೇಡಂ ಕದಲಲಿಲ್ಲ. "ರಾಯರೇ, ಇವಳಿಗೆ ಬರೋದು ಬರೆಯೋದೊಂದೇ. ಅದನ್ನೂ ಬೀಗ ಹಾಕಿ ಇಡ್ಬೇಡಿ." ದೀಪ ಹಚ್ಚುವ ಹೊತ್ತಾಯಿತು, ಅಮ್ಮ ಎರಡು ಸಲ ಕಾಫಿ ಕೊಟ್ಟಳು, ಅವರು ಏಳಲಿಲ್ಲ. ಕೊನೆಗೆ ಅಪ್ಪ ಚಾಮರಾಜಪೇಟೆಯ ಕಾಲೇಜಿನ ಅರ್ಜಿಗೆ ಸಹಿ ಹಾಕಿ ನನ್ನ ಕಡೆ ಎಸೆದರು. ಒಪ್ಪಿ ಹಾಕಿದ ಸಹಿಯಲ್ಲ, ಈಕೆ ಎದ್ದು ಹೋದರೆ ಸಾಕೆಂದು ಹಾಕಿದ್ದು. ಆಮೇಲೆ ದೀಪಾವಳಿಯವರೆಗೂ ಅಪ್ಪ ನನ್ನೊಡನೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಅಮ್ಮನ ಮೂಲಕವೇ ಕೇಳುತ್ತಿದ್ದರು.

ಆ ಗಬ್ಬು ಕಾಲೇಜಿನ ಗಬ್ಬು ಪುಸ್ತಕಗಳನ್ನು ಮೂರು ವರ್ಷ ಓದಿದೆ. ಡಿಗ್ರಿಯಲ್ಲೂ ಬಂದದ್ದು ಸಾಧಾರಣ ಅಂಕವೇ. ಎರಡು ಸಾವಿರನೆಯ ಇಸವಿಯ ನಂತರ ನನ್ನ ಮೊದಲ ಕಥಾಸಂಕಲನ ಬಂತು. ಬಿಡುಗಡೆಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ, ಪುಸ್ತಕ ತೆರೆದೂ ನೋಡದ ಮುಖ್ಯ ಅತಿಥಿಯ ದೀರ್ಘ ಭಾಷಣ. ದೊಡ್ಡಪ್ಪ ಮುಂದಿನ ಸಾಲಿನಲ್ಲಿ ಕೂತು, ಇವಳನ್ನು ಆರ್ಟ್ಸಿಗೆ ಸೇರಿಸಿ ಎಂದು ಹೇಳಿದವನೇ ನಾನು ಎಂದು ಪಕ್ಕದವರಿಗೆ ಹೇಳುತ್ತಿದ್ದರು. ನಾಚಿಕೆಗೆಟ್ಟವರು. ಮೇಡಂ ಬರಲಿಲ್ಲ. ಮರುದಿನ ನಾನೇ ಹೋಗಿ ಅವರಿಗೊಂದು ಪ್ರತಿ ಕೊಟ್ಟು ಬಂದೆ.

ಕೆಲವು ತಿಂಗಳ ಮೇಲೆ ಮತ್ತೆ ಹೋದೆ. ಬಹಳ ಇಳಿದುಹೋಗಿದ್ದರು. ಗೋಡೆ ಹಿಡಿದು ಒಳಗೆ ಹೋಗಿ ಕಾಫಿ ಕಾಸತೊಡಗಿದರು. ಮೇಜಿನ ಮೇಲೆ ನನ್ನ ಪುಸ್ತಕವಿತ್ತು. ತೆರೆದೆ. ಪುಸ್ತಕದ ಬೆನ್ನು ಕಿರ್ರೆಂದಿತು. ಮೊದಲ ಕೆಲವು ಪುಟ ಬಿಟ್ಟರೆ ಹೊಚ್ಚ ಹೊಸದು, ಒಂದು ಕಲೆಯಿಲ್ಲ, ಒಂದು ಮಡಿಕೆಯಿಲ್ಲ. ತಲೆ ಎತ್ತಿದರೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಮುಂದಕ್ಕೆ ಹೋಗಕ್ಕಾಗ್ಲಿಲ್ಲ," ಅಂದರು. "ಎಲ್ಲರೂ ಒಳ್ಳೆಯೋರು, ಯಾರಿಗೂ ಬೆವರೇ ಬರಲ್ಲ. ಆ ಪ್ರಿನ್ಸಿಪಾಲ ಕಿವಿ ಕೆರ್ಕೊಂಡಿದ್ದು ಎಲ್ಲೇ? ನಿಮ್ಮಪ್ಪ ನಿನ್ನ ಮಾತಾಡಿಸದೆ ಇದ್ದಿದ್ದು ಎಲ್ಲೇ? ಅಸಹ್ಯ ಆಗಿದ್ದನ್ನೆಲ್ಲ ಒರೆಸಿ ಹಾಕಿ, ಅದನ್ನ ಕಥೆ ಅಂತ ಕೊಡ್ತೀಯಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ನಿಮಗೆ ಯಾವುದು ತಾನೇ ಚೆನ್ನಾಗಿ ಕಂಡಿದೆ ಮೇಡಂ ಎಂದು ಎದ್ದುಬಿಟ್ಟೆ. ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಅವರ ದನಿ ಕೇಳಿಸಿತು. "ಇನ್ನೊಂದು ಬರಿ. ಅದನ್ನ ಊಟ ಮಾಡ್ತಾ ಓದ್ತೀನಿ." ನಾನು ತಿರುಗಿ ನೋಡಲಿಲ್ಲ. ಅದೇ ಕೊನೆಯ ಭೇಟಿಯಾಯಿತು, ಮುಂದಿನ ಮಳೆಗಾಲ ಕಳೆಯುವುದರೊಳಗೆ ಹೋಗಿಬಿಟ್ಟರು.

ಇನ್ನೊಂದನ್ನು ಬರೆದೆ. ಅದರಲ್ಲಿ ಪೇಡವಿದೆ, ಪೆನ್ನಿನ ಕ್ಯಾಪಿದೆ, ಅಮ್ಮನ ಮೂಲಕ ಉಪ್ಪು ಕೇಳುವ ಅಪ್ಪನಿದ್ದಾರೆ. ಹೋದ ತಿಂಗಳು ಬಸವನಗುಡಿಯ ಒಂದು ಸಣ್ಣ ಲೈಬ್ರರಿಯಲ್ಲಿ ಅದರ ಪ್ರತಿ ಕೈಗೆ ಸಿಕ್ಕಿತು. ರಟ್ಟು ಹರಿದಿತ್ತು. ಅಪ್ಪನ ಕಥೆಯ ನಡುವೆ ಹುಳಿಯ ಕಲೆ, ಅದಕ್ಕೆ ಒಂದು ಅನ್ನದ ಅಗುಳು ಒಣಗಿ ಅಂಟಿಕೊಂಡಿತ್ತು. ಥೂ, ಅಂದೆ ಗಟ್ಟಿಯಾಗಿ. ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು. ಅದನ್ನು ಹಾಗೇ ತೆಗೆದುಕೊಂಡು ಶಂಕರಪುರಂನ ಆ ಹಿಂದಿನ ಮನೆಗೆ ಓಡೋಣ ಅನ್ನಿಸಿತು. ಈಗ ಅಲ್ಲಿ ಬೇರೆ ಯಾರೋ ಇದ್ದಾರೆ.